ಮುಳ್ಳು ಬಿದ್ದ ಜಾಗ

ವೈದ್ಯರ ಮನೆಯ ಮೆಟ್ಟಿಲು ಹತ್ತುತ್ತಿದ್ದಂತೆಯೇ ಹಲ್ಲುನೋವು ಮಾಯವಾಗುವುದು ಎಲ್ಲರಿಗೂ ಅನುಭವಕ್ಕೆ ಬಂದಿರುವ ಸಂಗತಿ. ಮೋಟಾರು ಗಾಡಿಗಳಿಗೂ ಈ ಗುಣ ಉಂಟು. ನಡುರಸ್ತೆಯಲ್ಲಿ ಮಾನ ಕಳೆದ ಗಾಡಿ ರಿಪೇರಿಯವನ ಅಂಗಳದಲ್ಲಿ ನಿಂತಾಗ ಹಾಲು ಕುಡಿದ ಬೆಕ್ಕಿನ ಹಾಗೆ ಗುರುಗುಟ್ಟುತ್ತಿರುತ್ತದೆ. “ಏನಾಗಿದೆ ಸಾರ್, ಚೆನ್ನಾಗೇ ಇದೆಯಲ್ಲ!” ಎಂದು ಅವನು ಕೇಳಿದಾಗ ಯಜಮಾನನ ಮುಖ ನೋಡಬೇಕು. ಸುಳ್ಳುಸಾಕ್ಷಿ ಹೇಳಿ ಸಿಕ್ಕಿಬಿದ್ದವನ ಮುಖ ಅದು.

ನಮ್ಮ ಗಾಡಿ ಇಪ್ಪತ್ತು ವರ್ಷ ದಾಟಿದ ಪೆಟ್ರೋಲಿನದು. ಮಗ ಪರದೇಶಕ್ಕೆ ಹೋಗುವಾಗ ಬಿಟ್ಟುಹೋದದ್ದು. ಇಂಥದಕ್ಕೆ ಎಸ್‌ಯುವಿ ಎಂದು ಹೆಸರು. ಹಾಸನದ ನಮ್ಮ ಬೀದಿಯವರು ಮಾತ್ರ ಜೀಪು ಎಂದೇ ಕರೆಯುತ್ತಾರೆ, ನಾನೂ ತಿದ್ದಲು ಹೋಗಿಲ್ಲ. ತೊಂಬತ್ತು ದಾಟಿದ ನಮ್ಮ ಅತ್ತೆಯವರು ಪುತ್ತೂರಿನಲ್ಲಿ ನಾದಿನಿಯ ಮನೆಯಲ್ಲಿದ್ದಾರೆ. ತಿಂಗಳಿಗೊಮ್ಮೆ ಅವರನ್ನು ನೋಡಿಬರುವುದಕ್ಕೆ ನಮಗೆ ಈ ಜೀಪೇ ಗತಿ, ಯಾಕೆಂದರೆ ಅಷ್ಟು ದೂರ ಬಸ್ಸಿನಲ್ಲಿ ಕುಳಿತರೆ ನನ್ನಾಕೆಯ ಸೊಂಟ ಮೂರು ದಿನ ಏಳಗೊಡುವುದಿಲ್ಲ.

ಕಳೆದ ವರ್ಷ ಹೀಗೆ ಹಿಂತಿರುಗುವಾಗ, ಗುಂಡ್ಯ ದಾಟಿ ಶಿರಾಡಿಯ ಏರು ಹತ್ತುತ್ತಿದ್ದೆವು. ಗಾಡಿ ಒಮ್ಮೆ ಜಗ್ಗಿತು. ಮೀಟರುಗಳ ನಡುವೆ ಹಳದಿ ದೀಪ ಹತ್ತಿತು. ಆಮೇಲೆ ಆಕ್ಸಿಲರೇಟರ್ ಎಷ್ಟು ಒತ್ತಿದರೂ ಎಂಜಿನ್ನಿಗೆ ಅದು ಕೇಳಿಸಲೇ ಇಲ್ಲ. ಹಿಂದೆ ಟ್ಯಾಂಕರ್ ಲಾರಿ. ಅದರ ಬ್ರೇಕಿನ ಕಿರುಚು ಈಗಲೂ ನನ್ನ ಕಿವಿಯಲ್ಲಿದೆ. ಆ ಚಾಲಕ ಪುಣ್ಯಾತ್ಮ. ಬದಿಗೆ ತಂದು, ಎಂಜಿನ್ ಆರಿಸಿ ಮತ್ತೆ ಹಚ್ಚಿದರೆ ಏನೂ ನಡೆದೇ ಇಲ್ಲವೆಂಬಂತೆ ಹೊರಟಿತು! ನನ್ನಾಕೆ ಸಕಲೇಶಪುರದವರೆಗೂ ಮಾತಾಡಲಿಲ್ಲ. ಅಲ್ಲಿ ಆಡಿದ ಮಾತೂ ಒಂದೇ: “ಇನ್ನು ನಾನು ಇದರಲ್ಲಿ ಘಾಟಿ ಹತ್ತುವುದಿಲ್ಲ. ನೀವೂ ಹತ್ತಕೂಡದು.”

ದೊಡ್ಡ ವರ್ಕ್‌ಶಾಪಿನ ತರುಣನೊಬ್ಬ ಸ್ಟಿಯರಿಂಗಿನ ಕೆಳಗಿರುವ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸಿದ. ‘ಪಿ 0122’ ಎಂದು ಬಂತು. ಅಮೆರಿಕದಲ್ಲಿ 1996ರಿಂದ ಹೊಸ ಕಾರುಗಳಿಗೆಲ್ಲ ಕಡ್ಡಾಯವಾದ ಸಂಕೇತಪದ್ಧತಿ ಇದು; ಈಗ ಲೋಕದ ಮೋಟಾರುಗಳೆಲ್ಲ ಈ ಭಾಷೆಯಲ್ಲೇ ನರಳುತ್ತವೆ. ಥ್ರಾಟಲ್ ಪೊಸಿಷನ್ ಸೆನ್ಸರಿನಿಂದ ಬರುವ ವೋಲ್ಟೇಜು ತೀರ ಕಡಿಮೆ ಎಂದು ಇದರ ಅರ್ಥ. ಥ್ರಾಟಲ್ ಬಾಡಿಯನ್ನೇ ಇಡಿಯಾಗಿ ಬದಲಾಯಿಸಬೇಕೆಂದು ಆತ ಹೇಳಿದ. ಅವನು ಕೇಳಿದ ಮೊತ್ತ ನನ್ನ ಒಂದು ತಿಂಗಳ ಪಿಂಚಣಿಯ ಮುಕ್ಕಾಲು ಪಾಲು. ಸಂಕೇತ ಎಂಬುದು ದೂರು ಮಾತ್ರ, ತೀರ್ಪಲ್ಲ. ವೋಲ್ಟೇಜು ಕಡಿಮೆಯಾಗಲು ಸೆನ್ಸರ್ ಕಾರಣವಿರಬಹುದು, ತುಂಡಾದ ತಂತಿ ಇರಬಹುದು, ಕಿಲುಬು ಹಿಡಿದ ಕನೆಕ್ಟರ್ ಇರಬಹುದು. ಫಿರ್ಯಾದಿಯ ಮಾತೊಂದನ್ನೇ ಕೇಳಿ ಗಲ್ಲು ಬರೆಯುವ ನ್ಯಾಯ ನನಗೆ ಒಗ್ಗಲಿಲ್ಲ.

ನಾನು ಹೋದದ್ದು ರೈಲ್ವೆ ಹಳಿಯ ಪಕ್ಕದ ಶೆಡ್ಡಿನ ಸಾಹೇಬರ ಬಳಿಗೆ. ಎಪ್ಪತ್ತರ ಹತ್ತಿರದ ಮನುಷ್ಯ. ಕತೆಯನ್ನೆಲ್ಲ ಕೇಳಿ, “ನಿಮ್ಮ ಮನೇಲಿ ಹಳೇ ವಾಲ್ವ್ ರೇಡಿಯೋ ಇತ್ತಾ ಮೇಷ್ಟ್ರೇ?” ಎಂದರು.

ಇತ್ತು. ಅದರ ಸದ್ದು ಹೆಚ್ಚಿಸುವ ಗುಂಡಿ ತಿರುಗಿಸಿದರೆ ಒಂದು ಜಾಗದಲ್ಲಿ ಕರಕರ ಎಂದು, ವಾರ್ತೆ ಓದುವವರ ಧ್ವನಿ ಥಟ್ಟನೆ ಹೋಗಿ ಬರುತ್ತಿತ್ತು.

“ಇದೂ ಅದೇ,” ಎಂದರು ಸಾಹೇಬರು.

ನಿಜವಾಗಿಯೂ ಅದೇ. ಗುಂಡಿಯೊಳಗೆ ಇಂಗಾಲದ ಒಂದು ಪಟ್ಟಿ. ಅದರ ಮೇಲೆ ಜಾರುವ ಲೋಹದ ಒಂದು ಬೆರಳು. ಕಾರ್ಬುರೇಟರಿನ ಕಾಲದಲ್ಲಿ ಗಾಳಿಯೇ ತನಗೆ ಬೇಕಾದ ಪೆಟ್ರೋಲನ್ನು ಎಳೆದುಕೊಳ್ಳುತ್ತಿತ್ತು. ಈಗ ನಮ್ಮ ಕಾಲು ಗಾಳಿಯ ಬಾಗಿಲನ್ನು ಮಾತ್ರ ತೆರೆಯುತ್ತದೆ. ಪೆಟ್ರೋಲು ಅಳೆದು ಕೊಡುವವನು ಕಂಪ್ಯೂಟರು. ಬಾಗಿಲು ಎಷ್ಟು ತೆರೆದಿದೆ ಎಂದು ಅವನಿಗೆ ಹೇಳುವವನೇ ಈ ಸೆನ್ಸರ್. ಮೂರು ತಂತಿ: ಒಂದರಲ್ಲಿ 5 ವೋಲ್ಟು ಬರುತ್ತದೆ, ಒಂದು ಅರ್ತು, ಮೂರನೆಯದು ಸುದ್ದಿ ಒಯ್ಯುವುದು. ಬಾಗಿಲು ಮುಚ್ಚಿದ್ದರೆ ಸುಮಾರು ಅರ್ಧ ವೋಲ್ಟು, ಪೂರ್ತಿ ತೆರೆದರೆ ನಾಲ್ಕೂವರೆಯ ಆಸುಪಾಸು. ನಡುವೆ ಎಲ್ಲಿಯೂ ಮಾತು ತಪ್ಪಬಾರದು.

ಸಾಹೇಬರು ಪೆಟ್ಟಿಗೆಯಿಂದ ತೆಗೆದದ್ದು ಮುಳ್ಳಿನ ಮೀಟರು. ಈ ಕಾಲದಲ್ಲಿ ಇದೇಕೆ ಎಂದೆ. “ಅಂಕಿ ತೋರ್ಸೋ ಮೀಟರು ಒಂದು ಅಂಕಿ ಹೇಳಿ ಇನ್ನೊಂದು ಹೇಳೋ ಹೊತ್ತಿಗೆ ಕಳ್ಳ ಗೋಡೆ ಹಾರಿರ್ತಾನೆ. ಮುಳ್ಳಾದ್ರೆ ನಡುಗಿಬಿಡ್ತದೆ.” ಕೀಲಿ ತಿರುಗಿಸಿ, ಎಂಜಿನ್ ಹಚ್ಚದೆ, ಕನೆಕ್ಟರಿನ ಹಿಂಬದಿಯಿಂದ ಗುಂಡುಸೂಜಿ ತೂರಿಸಿದರು. 5 ವೋಲ್ಟು ಸರಿಯಾಗಿತ್ತು. ಅರ್ತೂ ಸರಿ. ತಂತಿಗಳನ್ನು ಉದ್ದಕ್ಕೂ ಹಿಡಿದು ಅಲುಗಾಡಿಸಿದರು, ಮುಳ್ಳು ಕದಲಲಿಲ್ಲ. ತಂತಿಗಳು ನಿರಪರಾಧಿಗಳಾದವು. ಬಳಿಕ ಥ್ರಾಟಲನ್ನು ಕೈಯಿಂದ ಕೂದಲೆಳೆಯಷ್ಟೇ ತೆರೆಯುತ್ತ ಹೋದರು. ಮುಳ್ಳು ಮೆಲ್ಲನೆ ಏರಿತು, ಏರಿತು, ಒಂದು ವೋಲ್ಟು ದಾಟಿ ಸ್ವಲ್ಪ ಮುಂದೆ ಬಂದು ಇದ್ದಕ್ಕಿದ್ದಂತೆ ಸೊನ್ನೆಯ ಕಡೆಗೆ ಬಿದ್ದು, ಪುನಃ ಎದ್ದಿತು. ಹಿಂದಕ್ಕೆ ತಂದರು, ಅದೇ ಜಾಗದಲ್ಲಿ ಮತ್ತೆ ಬಿತ್ತು. ಹತ್ತು ಸಲ ಮಾಡಿದರೆ ಏಳು ಸಲ ಬಿದ್ದಿತು. ಉಳಿದ ಮೂರು ಸಲ ಸತ್ಯವನ್ನೇ ಹೇಳಿತು. ಈ ಮೂರೇ ನನ್ನ ಮಾನ ಕಳೆದವು!

ಆ ಜಾಗ ಯಾವುದು? ಊರಿನೊಳಗೆ ನಮ್ಮ ಕಾಲು ದಿನವಿಡೀ ಇರುವ ಜಾಗ. ಮುಳ್ಳು ಬಿದ್ದಾಗ, ಚಾಲಕ ಕಾಲು ತೆಗೆದನೆಂದು ತಿಳಿದು ಕಂಪ್ಯೂಟರು ಪೆಟ್ರೋಲು ನಿಲ್ಲಿಸುತ್ತದೆ, ಅದೇ ಜಗ್ಗು. ಸುಳ್ಳು ಪದೇ ಪದೇ ಬಂದರೆ ಸೆನ್ಸರನ್ನು ನಂಬುವುದನ್ನೇ ಬಿಟ್ಟು ಹಳದಿ ದೀಪ ಹತ್ತಿಸಿ, ಅಂದಾಜಿನ ಮೇಲೆ ಹುಷಾರಾಗಿ ಕುಂಟುತ್ತದೆ. ಶಿರಾಡಿಯಲ್ಲಿ ನಮ್ಮನ್ನು ಕುಂಟಿಸಿದ್ದು ಈ ಹುಷಾರು.

ಸೆನ್ಸರನ್ನು ಹಿಡಿದಿದ್ದವು ಎರಡೇ ಸ್ಕ್ರೂ. ಹೊಸದು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬಸ್ಸಿನಲ್ಲಿ ಬಂತು. ಬೆಲೆ ವರ್ಕ್‌ಶಾಪು ಕೇಳಿದ್ದರ ಹತ್ತನೇ ಒಂದು ಪಾಲೂ ಇಲ್ಲ. ಸಾಹೇಬರು ಗಾಳಿಯ ಬಾಗಿಲಿಗೆ ಕಟ್ಟಿದ್ದ ಮಸಿಯನ್ನು ಮೊದಲು ತೊಳೆದರು. ಹೊಸದನ್ನು ಕೂರಿಸಿ, ಸ್ಕ್ರೂ ಬಿಗಿಯುವ ಮುನ್ನ ಎಡಕ್ಕೆ ಬಲಕ್ಕೆ ತುಸು ತಿರುಗಿಸಿ ಮುಳ್ಳನ್ನು ಅರ್ಧ ವೋಲ್ಟಿಗೆ ತಂದು ನಿಲ್ಲಿಸಿದರು. ತೆರೆದು ನೋಡಿದರೆ ಏರಿಕೆ ಬೆಣ್ಣೆಯಲ್ಲಿ ಕತ್ತಿ ಆಡಿದ ಹಾಗೆ. ಹಳೆಯದರ ಮುಚ್ಚಳ ಎಬ್ಬಿಸಿ ನನ್ನ ಅಂಗೈಗೆ ಹಾಕಿದರು. ಕರಿಯ ಪಟ್ಟಿಯ ಮೊದಲ ಭಾಗದಲ್ಲಿ, ಹುಲ್ಲಿನ ನಡುವೆ ಕಾಲುದಾರಿ ಬಿದ್ದಂತೆ, ಒಂದು ಸಣ್ಣ ಸವೆದ ಗೀರು. ಹಾಸನದ ಬೀದಿಗಳಲ್ಲಿ ಇಪ್ಪತ್ತು ವರ್ಷ ನಾವು ಅಪ್ಪ ಮಗ ಓಡಾಡಿದ ಗುರುತು.

ಹೊಸ ಗಾಡಿಗಳಲ್ಲಿ ಪೆಡಲಿನಿಂದ ಥ್ರಾಟಲಿಗೆ ಕೇಬಲ್ಲೇ ಇಲ್ಲ; ಸೆನ್ಸರು ಎರಡೆರಡು, ಒಂದರ ಮಾತನ್ನು ಇನ್ನೊಂದರಿಂದ ಪರೀಕ್ಷಿಸುತ್ತಾರಂತೆ ಎಂದು ಸಾಹೇಬರಿಗೆ ಹೇಳಿದೆ. “ಗೊತ್ತು. ಅದರಲ್ಲಿ ಇಡೀ ಬಾಡೀನೇ ಬದಲಾಯಿಸ್ಬೇಕು. ಆ ಹುಡುಗ ಅದನ್ನೇ ಕಲಿತಿದಾನೆ, ಅವನ ಮೇಲೆ ಸಿಟ್ಟು ಮಾಡ್ಕೋಬೇಡಿ,” ಎಂದು ಕೈ ಒರೆಸಿಕೊಂಡರು.

ನನ್ನಾಕೆಗೆ ಮುಳ್ಳಿನ ಕತೆ ಹೇಳಿದರೆ ಸಾಕಾಗಲಿಲ್ಲ. ನಾನೊಬ್ಬನೇ ಗುಂಡ್ಯದವರೆಗೆ ಇಳಿದು, ಎರಡು ಸಲ ಘಾಟಿ ಹತ್ತಿ ತೋರಿಸಿದ ಮೇಲೆ ಚೀಲ ಕಟ್ಟಿದಳು. ಪುತ್ತೂರು ಮುಟ್ಟಿದಾಗ ಒಂದು ಗಂಟೆ. ಅತ್ತೆಯವರು ಗಾಡಿಯ ವಿಷಯ ಏನೂ ಕೇಳಲಿಲ್ಲ. ಮಗಳ ಕೈ ಹಿಡಿದುಕೊಂಡು, ಒಂಬತ್ತು ವಾರವಾಯಿತೆಂದು ಲೆಕ್ಕ ಹೇಳಿ, ಊಟಕ್ಕೆ ಎಲೆ ಹಾಕಲು ಹೇಳಿದರು.