ಗುಜರಿಗೆ ಹೋಗದ ಲೆನ್ಸ್

ಮುತ್ಯಾನ 16 ಮಿ.ಮೀ. ಸಿನಿ ಕ್ಯಾಮೆರಾದ ಲೆನ್ಸನ್ನು ಸಿಂದಗಿಯ ಹುಡುಗನೊಬ್ಬ ಗುಜರಿ ಚೀಲದಿಂದ ಎತ್ತಿಕೊಂಡ.

"ಏನ್ ಮಾಡ್ತಿ ತಮ್ಮಾ ಇದನ್ನ ತೊಗೊಂಡು?" ಅಪ್ಪ ನಕ್ಕರು.

ಹುಡುಗ ಲೆಕ್ಕ ಹಾಕಿದ. ಈ 'ಸಿ-ಮೌಂಟ್' ಲೆನ್ಸು ಫಿಲಂನಿಂದ 17.526 ಮಿ.ಮೀ. ದೂರದಲ್ಲಿ ಕೂರಬೇಕು, ದೂರ ಹೆಚ್ಚಾದರೆ ಆಚೆಯ ದೃಶ್ಯ ಮಸುಕು. ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಒಳಗಿನ ಕನ್ನಡಿ ಅಡ್ಡ ಬರುತ್ತದೆ. 2008ರಲ್ಲಿ ಬಂದ, ಕನ್ನಡಿಯಿಲ್ಲದ ಮೈಕ್ರೋ ಫೋರ್ ಥರ್ಡ್ಸ್ ಕ್ಯಾಮೆರಾಗಳಲ್ಲಿ ಈ ಅಂತರ 19.25 ಮಿ.ಮೀ. ಮಾತ್ರ. ಲೆನ್ಸನ್ನು ತುಸು ಒಳಗಿಳಿಸುವ ಅಡಾಪ್ಟರ್ ಸಾಕಾಯಿತು.

ಬಸವನ ಬಾಗೇವಾಡಿ ಜಾತ್ರೆಯಲ್ಲಿ ಅಪ್ಪನ ಚಿತ್ರ ತೆಗೆದ. ಮೂಲೆಗಳೆಲ್ಲ ಕಪ್ಪು. ಲೆನ್ಸಿನ ಬಿಂಬ ಚಿಕ್ಕ ಫಿಲಂ ಚೌಕಟ್ಟಿಗಷ್ಟೇ ಸಾಲುವಂಥದ್ದು. ನಡುವಿನ ಮುಖ ಮಾತ್ರ ನಿಚ್ಚಳ.

ಅಪ್ಪ ಬಹಳ ಹೊತ್ತು ನೋಡಿದರು.

"ನಿಮ್ಮ ಮುತ್ಯಾ ನನ್ನ ಇದರಾಗಿಂದನ ನೋಡ್ತಿದ್ದ."