ಹೊರಗ ಬರೂ ಬಾಗಲಾ ಎಲ್ಲೈತಿ?

ಧಾರವಾಡದಾಗ ರೂಮ್ ಮಾಡ್ಕೊಂಡು ಓದೂ ಹುಡುಗರು ಇರೂತನಕ ಖಾನಾವಳಿಗೆ ಬರಗಾಲಿಲ್ಲ ಅಂತಾರ. ನಮ್ಮ ಅತ್ತಿ 19 ವರ್ಷದಿಂದ ಖಾನಾವಳಿ ನಡಸ್ಕೊಂತ ಬಂದಾರ. ರೊಟ್ಟಿ ಅವರ ಕೈಯಾಗ, ಲೆಕ್ಕ ನನ್ನ ಕೈಯಾಗ. ಮೊದಲ ಹುಡುಗರು ತಾವ ಬಂದು ಉಣ್ತಿದ್ರು. ಈಗ ದಿನಾ ಹನ್ನೆರಡು ಊಟ ಕಟ್ಟಿ ರೂಮಿಗೆ ಕಳಸ್ತೀವಿ. ಫೋನಿನ್ಯಾಗ ನಾಕು, ವಾಟ್ಸಾಪಿನ್ಯಾಗ ಐದು, ಆ್ಯಪಿನ್ಯಾಗ ಮೂರು ಹಿಂಗ ಆರ್ಡರ್ ಬಂದ್ರ, ಯಾರ ಊಟ ಯಾರ ರೂಮಿಗೆ ಹೋತು ಅನ್ನೂದ ಗೊತ್ತಾಗೂದಿಲ್ಲ.

ಇದಕ್ಕ ಡೆಲಿವರಿ ಸಾಫ್ಟ್‌ವೇರ್ ಐತಿ ಅಂತ ಒಂದು ಕಂಪನಿ ಹುಡುಗ ಬಂದ. ಎಲ್ಲಾ ಆರ್ಡರ್ ಒಂದ ಪರದೆ ಮ್ಯಾಲ, ಊಟ ಒಯ್ಯೂ ಹುಡುಗ ಎಲ್ಲಿ ಹೊಂಟಾನ ಅನ್ನೂದು ನಕಾಶೆದಾಗ. "ತಿಂಗಳಿಗೆ ಬರೇ 1,500 ರೂಪಾಯಿ ಮೇಡಂ, ದಿನಕ್ಕ 50 ಅಷ್ಟ" ಅಂದ. ಸಾಫ್ಟ್‌ವೇರ್ ಛಲೋನ ಇತ್ತು, ಅದರಾಗ ಎರಡು ಮಾತಿಲ್ಲ. ನಾನು ರಾತ್ರಿ ಕುಂತು ಕಾಗದ ಓದಿದ್ನಿ.

ಮೊದಲ ರೇಟಿನ ಮಾತು. ಸಾಫ್ಟ್‌ವೇರ್ ಸೇವಾಕ್ಕ 18% ಜಿಎಸ್‌ಟಿ; 1,500 ಅಂದದ್ದು 1,770 ಆತು. ನಾವು ಊಟದ ಮ್ಯಾಲ 5% ಹಾಕೂ ಮಂದಿ. ಆ ಲೆಕ್ಕದಾಗ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಸಿಗೂದಿಲ್ಲ, ಅಂದ್ರ ಆ 270 ರೂಪಾಯಿ ನಮ್ಮ ಕಿಸೆದ್ದ. ಜ್ವಾಳ, ಎಣ್ಣಿ, ಡಬ್ಬಿ, ಪೆಟ್ರೋಲು ಎಲ್ಲಾ ತಗದು ಒಂದು ಪಾರ್ಸಲ್ಲಿಗೆ ನಮಗ ಉಳಿಯೂದು 12 ರೂಪಾಯಿ. 1,770ನ್ನ 12ರಿಂದ ಭಾಗಿಸಿ ನೋಡ್ರಿ: ತಿಂಗಳಿಗೆ 148 ಪಾರ್ಸಲ್ ಬರೇ ಸಾಫ್ಟ್‌ವೇರಿನ ಸಲುವಾಗಿ ಕಟ್ಟಬೇಕು. ಕಾಲೇಜು ನಡದಾಗ 360 ಆಗ್ತಾವು, ನಡೀತದ. ಮೇ ತಿಂಗಳದಾಗ ಹುಡುಗರೆಲ್ಲಾ ಊರಿಗೆ ಹೋದ್ರ 150 ಆದ್ರ ಹೆಚ್ಚು. ಆ ತಿಂಗಳ ಅತ್ತಿ ಬೆಂಕಿ ಮುಂದ ಕುಂತು ಬಡದ ರೊಟ್ಟಿ ಅಷ್ಟೂ ಕಂಪನಿಗೆ!

ಅದ ಕಂಪನೀದು ಇನ್ನೊಂದು ಪ್ಲಾನ್ ಇತ್ತು, ಆರ್ಡರಿಗೆ 4 ರೂಪಾಯಿ, ಜಿಎಸ್‌ಟಿ ಸೇರಿ 4.72. ಹತ್ತು ತಿಂಗಳು 360, ಎರಡು ತಿಂಗಳು 150 ಹಿಡದ್ರ ವರ್ಷಕ್ಕ 3,900 ಆರ್ಡರ್, ಒಟ್ಟು 18,408. ತಿಂಗಳ ಪ್ಲಾನಿಗೆ 21,240. ತಿಂಗಳಿಗೆ 375 ಆರ್ಡರ್ ದಾಟಿದವರಿಗೆ ಮಾತ್ರ ತಿಂಗಳ ಪ್ಲಾನ್ ಲಾಭ. ಆದ್ರ ಇಲ್ಲೂ ಒಂದು ಮಾತು ಕೇಳಬೇಕು: 'ಆರ್ಡರ್' ಅಂದ್ರ ಯಾವುದು? ಇವರ ಕಾಗದದಾಗ ಕ್ಯಾನ್ಸಲ್ ಆದದ್ದೂ ಆರ್ಡರ. ಗಿರಾಕಿಗೆ ಹೋಗೂ ಮೆಸೇಜಿನ ರೊಕ್ಕ ಬ್ಯಾರೆ, ಕಲಿಸಿಕೊಡೂ ಫೀ ಬ್ಯಾರೆ.

ಕರಾರಿನ್ಯಾಗ ಇನ್ನೂ ಮಜಾ ಇತ್ತು. 12 ತಿಂಗಳು ಬಿಡೂ ಹಂಗಿಲ್ಲ. ನಡುವ ಬಿಟ್ರ ಉಳದ ತಿಂಗಳದ್ದೂ ಕೊಡಬೇಕು. ವರ್ಷ ಮುಗಿಯೂ 60 ದಿನ ಮೊದಲ ಬರದು ಕೊಡದಿದ್ರ ಮತ್ತೊಂದು ವರ್ಷ ತಾನ ಚಾಲೂ. ಯುಪಿಐ ಆಟೋಪೇ ನಾವ ಬಂದ್ ಮಾಡಬಹುದಲಾ ಅಂದ್ರು ನಮ್ಮ ಮನೆಯವರು. ಹೌದು, ಮಾಡಬಹುದು. ಆದ್ರ ಆಟೋಪೇ ಬಂದ್ ಆದ್ರ ಕರಾರು ಬಂದ್ ಆಗೂದಿಲ್ಲ, ಬಾಕಿ ಬೆಳಕೊಂತ ಹೋಗತೈತಿ. 1872ರ ಕರಾರು ಕಾಯ್ದೆದ 74ನೇ ಕಲಮಿನ ಪ್ರಕಾರ ಕಾಗದದಾಗ ಬರದ ದಂಡ ಅಷ್ಟೂ ಸಿಗತೈತಿ ಅಂತೇನಿಲ್ಲ, ಕೋರ್ಟು ಯೋಗ್ಯ ಅನಸಿದಷ್ಟ ಕೊಡಸತೈತಿ. ಖರೆ, ತಕರಾರು ಬಂದ್ರ ದಿಲ್ಲಿಯೊಳಗ ಅಂತ ಬರದಿದ್ರು. ರೊಟ್ಟಿ ಬಿಟ್ಟು ದಿಲ್ಲಿಗೆ ಯಾರು ಹೋಗ್ತಾರ್ರೀ?

ಸಹಾಯಕ್ಕ ಫೋನ್ ಎತ್ತೂದು ಮುಂಜಾನೆ 10ರಿಂದ ಸಂಜಿ 6ರ ತನಕ. ನಮ್ಮ ಗದ್ದಲ ರಾತ್ರಿ 8ಕ್ಕ.

ಇಷ್ಟೆಲ್ಲಾ ಓದಿ ಹೇಳಿದ್ನಿ. ಅತ್ತಿ ಕೇಳಿದ್ದು ಒಂದ ಮಾತು: "ನಾಳೆ ಬ್ಯಾಡ ಅಂದ್ರ ನನ್ನ ಗಿರಾಕಿ ನಂಬರ್ ನನಗ ವಾಪಸ್ ಬರತಾವೇನಬೇ?" ಕಾಗದ ತಿರುವಿ ಹಾಕಿದ್ರೂ ಅದರ ಸುದ್ದಿನ ಇರಲಿಲ್ಲ. ಅವರ ಹತ್ರ ಉದ್ದನ್ನ ಒಂದು ಖಾತೆ ಪುಸ್ತಕ ಐತಿ. ಅದರಾಗ ಹುಡುಗರ ಹೆಸರು, ನಂಬರು, ಯಾರಿಗೆ ಖಾರ ಆಗೂದಿಲ್ಲ, ಯಾರ ಪಗಾರ ತಡಾ, ಎಲ್ಲಾ ಐತಿ. ಅಂಗಡಿ ಬಾಡಿಗಿದ್ದು, ಪಾತ್ರೆ ಹಳೇವು. ಗಳಿಸಿದ್ದು ಅಂದ್ರ ಆ ಪುಸ್ತಕ.

ಮೂರು ಮಾತು ಬರದು ಕಂಪನಿಗೆ ಮೇಲ್ ಹಾಕಿದ್ನಿ: 30 ದಿನದ ನೋಟಿಸಿನ್ಯಾಗ ಬಿಡಾಕ ಬರಬೇಕು, ಕ್ಯಾನ್ಸಲ್ ಆದದ್ದಕ್ಕ ರೊಕ್ಕಿಲ್ಲ, ಬಿಟ್ಟಾಗ ಗಿರಾಕಿ ಪಟ್ಟಿ ಎಕ್ಸೆಲ್ ಫೈಲಿನ್ಯಾಗ ಕೊಡಬೇಕು. "ಅದೆಲ್ಲಾ ಆಗತೈತಿ ಮೇಡಂ, ಸಹಿ ಮಾಡ್ರಿ" ಅಂತ ಹುಡುಗ ಫೋನಿನ್ಯಾಗ ಅಂದ. ಮೇಲಿಗೆ ಬಂದ ಉತ್ತರದಾಗ ಮೊದಲಿನ ಎರಡಕ್ಕ ಒಪ್ಪಿದ್ರು, ಮೂರನೇದಕ್ಕ ಇಲ್ಲ. ಸಹಿ ಮಾಡಲಿಲ್ಲ. ಎರಡು ತಿಂಗಳ ಮ್ಯಾಲ ಬ್ಯಾರೆ ಸಣ್ಣ ಕಂಪನೀದು ತಗೊಂಡ್ವಿ. ಆರ್ಡರಿಗೆ 5 ರೂಪಾಯಿ, ತಿಂಗಳ ತಿಂಗಳ ಲೆಕ್ಕ, ಪಟ್ಟಿ ಯಾವಾಗ ಬೇಕಾದಾಗ ಇಳಿಸ್ಕೋಬಹುದು. ಒಂದು ರೂಪಾಯಿ ಹೆಚ್ಚು ಅಂತ ಮನೆಯವರು ಇನ್ನೂ ಗೊಣಗ್ತಾರ. ಆ ಒಂದು ರೂಪಾಯಿ ಬಾಗಲದ ಬಾಡಿಗಿ ಅಂತ ನಾ ಖಾತೆದಾಗ ಬರೀತೇನಿ.

ನೀವೂ ಇಂಥಾದ್ದು ತಗೊಳ್ಳೂವರಿದ್ರ, ಛಲೋ ತಿಂಗಳದ ಲೆಕ್ಕ ಅವರು ಹಾಕಿ ತೋರಸ್ತಾರ. ಕೆಟ್ಟ ತಿಂಗಳದ್ದು ನೀವ ಹಾಕ್ರಿ. ಬಾಯಾಗಿನ ಮಾತು ಕಾಗದದಾಗ ಬರೂತನಕ ಪೆನ್ನಿನ ಟೋಪಿ ತಗೀಬ್ಯಾಡ್ರಿ.