ಮಾರಿಕಣಿವೆಯ ಇಂಗ್ಲಿಷು

ಚಿತ್ರದುರ್ಗದ ಬಸ್ ಸ್ಟ್ಯಾಂಡಿನಿಂದ ಯಾವ ದಿಕ್ಕಿಗೆ ಹೊರಟರೂ ‘ಸ್ಪೋಕನ್ ಇಂಗ್ಲಿಷ್’ ಎಂಬ ಬೋರ್ಡೊಂದು ಕಣ್ಣಿಗೆ ಬೀಳುತ್ತದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲೂ ಅಷ್ಟೇ. ಮೆಡಿಕಲ್ ಶಾಪಿನ ಮೇಲೊಂದು ಮಹಡಿ, ಒಂದಿಷ್ಟು ಪ್ಲಾಸ್ಟಿಕ್ ಕುರ್ಚಿ, ಗೋಡೆಗೊಂದು ಬಿಳಿ ಹಲಗೆ. ಅಲ್ಲಿಗೆ ಬರುವ ಮಕ್ಕಳ ಆಸೆಯ ಬಗ್ಗೆ ನನಗೆ ಅಪಾರ ಗೌರವ. ಮನೆಯಲ್ಲಿ ಈರುಳ್ಳಿ ಕೀಳುವ ಕೆಲಸ ಮುಗಿಸಿ, ಫೀಸು ಹೇಗೋ ಹೊಂದಿಸಿಕೊಂಡು, ಬಸ್ಸಿನಲ್ಲಿ ನಿಂತೇ ಬರುವವರು ಅವರು. ಅಷ್ಟು ಕಷ್ಟಪಟ್ಟು ಬಂದವರಿಗೆ ಅಲ್ಲಿ ಸಿಗುವ ಮಾತು ಯಾವುದು ಅಂತ ನೋಡಿದರೆ ಸಂಕಟವಾಗುತ್ತದೆ. ನಿನ್ನ ಹೆಸರೇನು, ನಿನ್ನ ಹವ್ಯಾಸವೇನು, ನಿನಗಿಷ್ಟವಾದ ಬಣ್ಣ ಯಾವುದು? ಇಪ್ಪತ್ತು ವರ್ಷದ ಹುಡುಗ, ಅಪ್ಪನ ಬೆಳೆಸಾಲದ ಲೆಕ್ಕವನ್ನೆಲ್ಲ ತಲೆಯಲ್ಲಿಟ್ಟುಕೊಂಡವನು, ಇಷ್ಟವಾದ ಬಣ್ಣದ ಬಗ್ಗೆ ಎಷ್ಟು ಹೊತ್ತು ಮಾತಾಡಿಯಾನು? ಎರಡು ವಾಕ್ಯ ಹೇಳಿ ಸುಮ್ಮನಾಗುತ್ತಾನೆ. ‘ಇವನಿಗೆ ಇಂಗ್ಲಿಷ್ ಬರಲ್ಲ’ ಅಂತ ನಾವು ತೀರ್ಮಾನಿಸಿಬಿಡುತ್ತೇವೆ.

ನಮ್ಮ ಮನೆಯ ಜಗಲಿಯಲ್ಲಿ ಭಾನುವಾರ ಬೆಳಿಗ್ಗೆ ಇಂಥವರು ಕೆಲವರು ಸೇರುತ್ತಾರೆ. ಇಲ್ಲಿಯ ಹಾಸ್ಟೆಲುಗಳಲ್ಲಿದ್ದು ಡಿಗ್ರಿ ಓದುವವರೇ ಹೆಚ್ಚು. ಪಾಠ ಅಂತ ಏನೂ ಇಲ್ಲ. ವಾರಕ್ಕೊಂದು ವಿಷಯ, ಅಷ್ಟೇ. ಒಮ್ಮೆ ಇತಿಹಾಸದ್ದು, ಒಮ್ಮೆ ವಿಜ್ಞಾನದ್ದು, ಒಮ್ಮೆ ಅಂದಿನ ಪೇಪರಿನಲ್ಲಿ ಬಂದದ್ದು. ಮೊದಲು ಕನ್ನಡದಲ್ಲಿ ಜಗಳವಾಡಿ ವಿಷಯ ಗಟ್ಟಿಮಾಡಿಕೊಳ್ಳುತ್ತಾರೆ, ಆಮೇಲೆ ಅದೇ ಜಗಳ ಇಂಗ್ಲಿಷಿನಲ್ಲಿ.

ಹೊಸದುರ್ಗದ ಕಡೆಯ ಹುಡುಗಿಯೊಬ್ಬಳು ಬಹಳ ದಿನ ಬಾಯಿಯೇ ಬಿಟ್ಟಿರಲಿಲ್ಲ. ಕಂಬಕ್ಕೊರಗಿ ಕೂತು, ದುಪಟ್ಟಾದ ತುದಿ ಸುತ್ತುತ್ತಾ ಕೇಳಿಸಿಕೊಳ್ಳುವಳು. ಹೈದರಾಲಿಯ ಸೈನಿಕರನ್ನು ಕೋಟೆಯ ಕಿಂಡಿಯಲ್ಲಿ ಒನಕೆಯಿಂದ ತಡೆದಳೆನ್ನುವ ಓಬವ್ವನ ವಿಷಯ ಬಂದ ದಿನ ಹಿರಿಯೂರಿನ ಹುಡುಗನೊಬ್ಬ, ‘ದೇರ್ ಈಸ್ ನೋ ಪ್ರೂಫ್, ಸರ್’ ಅಂದ. ಹೈದರಾಲಿ ದುರ್ಗ ಹಿಡಿದದ್ದು 1779ರಲ್ಲಿ, ಅದಕ್ಕೆ ದಾಖಲೆಯಿದೆ. ಓಬವ್ವನ ಹೆಸರಿನ ಶಾಸನ ಎಲ್ಲಿದೆ ಅನ್ನುವುದು ಅವನ ವಾದ. ಹುಡುಗಿ ದುಪಟ್ಟಾ ಬಿಟ್ಟು ನೆಟ್ಟಗೆ ಕೂತಳು. ‘ವೈ ಪೀಪಲ್ ವಿಲ್ ರಿಮೆಂಬರ್ ಟೂ ಹಂಡ್ರೆಡ್ ಇಯರ್ಸ್, ಇಫ್ ನಥಿಂಗ್ ಹ್ಯಾಪನ್ಡ್?’ ಅಂದಳು. ಜಗಲಿಯಲ್ಲಿ ಯಾರೂ ನಗಲಿಲ್ಲ, ಯಾರೂ ತಿದ್ದಲಿಲ್ಲ, ಯಾಕೆಂದರೆ ಎಲ್ಲರಿಗೂ ಉತ್ತರ ಹೇಳುವ ಅವಸರವಿತ್ತು. ಕಿಂಡಿ ಎಷ್ಟು ಕಿರಿದು, ಒಬ್ಬನ ಹಿಂದೆ ಒಬ್ಬ ನುಸುಳಬೇಕಾದವರನ್ನು ಒಬ್ಬಳೇ ಹೆಂಗಸು ಎಷ್ಟು ಹೊತ್ತು ತಡೆದಿರಬಹುದು, ಊಟಕ್ಕೆ ಬಂದ ಕಾವಲುಗಾರ ಗಂಡ ನೀರು ಕೇಳದಿದ್ದರೆ ಅವಳು ಕಿಂಡಿಯ ಹತ್ತಿರ ಹೋಗುತ್ತಲೇ ಇರಲಿಲ್ಲವೇ? ತಲೆಮಾರಿನಿಂದ ತಲೆಮಾರಿಗೆ ಬಂದ ನೆನಪನ್ನು ಸಾಕ್ಷಿ ಅನ್ನಬಹುದೇ? ಗೆದ್ದವರು ಬರೆಸಿದ ದಾಖಲೆಯಲ್ಲಿ ಸೋತವರ ಮನೆಯ ಹೆಂಗಸಿಗೆ ಜಾಗ ಸಿಗುತ್ತಿತ್ತೇ? ಹೀಗೆ ಮಾತು ಬೆಳೆಯಿತು. ಇತಿಹಾಸಕ್ಕೆ ಕೈಹಾಕಿದರೆ ‘ಹೀಗಾಯಿತು’ ಎಂಬ ಒಂದೇ ಬಗೆಯ ವಾಕ್ಯ ಸಾಲದು. ಆಗಿರಬಹುದು, ಆಗಿರಲೇಬೇಕು, ಆಗಿರಲಾರದು ಎಲ್ಲವೂ ಬೇಕಾಗುತ್ತವೆ. ರೆನ್ ಅಂಡ್ ಮಾರ್ಟಿನ್ ಪುಸ್ತಕದಲ್ಲಿ ಒಣಗಿ ಬಿದ್ದಿದ್ದ ಕ್ರಿಯಾಪದಗಳನ್ನು ಆ ಹುಡುಗಿ ಅವತ್ತು ತಾನಾಗಿ ಕೇಳಿ ಪಡೆದಳು, ಅವು ಬೇಕಾಗಿದ್ದವು ಅನ್ನುವ ಕಾರಣಕ್ಕೆ.

ಇದು ನಾನು ಕಂಡುಹಿಡಿದ ದಾರಿಯೇನಲ್ಲ. ಎನ್. ಎಸ್. ಪ್ರಭು ಎಂಬ ವಿದ್ವಾಂಸರು 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸು ಮುಂತಾದ ಕಡೆಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಭಾಷೆ ಕಲಿಸುವವರ ಲೋಕದಲ್ಲಿ ಅದು ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರಾಗಿದೆ. ವ್ಯಾಕರಣದ ಪಾಠವನ್ನು ಬದಿಗಿಟ್ಟು ಮಕ್ಕಳ ಮುಂದೆ ಒಂದು ನಕ್ಷೆಯನ್ನೋ ರೈಲಿನ ವೇಳಾಪಟ್ಟಿಯನ್ನೋ ಇಟ್ಟು, ಅದರೊಳಗಿನ ಸಮಸ್ಯೆ ಬಿಡಿಸಲು ಹೇಳುವುದು. ಮನಸ್ಸು ಅರ್ಥದಲ್ಲಿ ಮುಳುಗಿದ್ದಾಗ ಭಾಷೆಯ ರಚನೆ ಒಳಗೊಳಗೇ ಕೂಡಿಕೊಳ್ಳುತ್ತದೆ ಎಂಬುದು ಅವರ ನಂಬಿಕೆ. 1987ರಲ್ಲಿ ಅವರು ಇದನ್ನೆಲ್ಲ ಪುಸ್ತಕವಾಗಿ ಬರೆದರು, ಹೊರದೇಶಗಳ ವಿಶ್ವವಿದ್ಯಾಲಯಗಳಲ್ಲೂ ಅದನ್ನು ಓದುತ್ತಾರೆ. ನಮ್ಮ ಶಾಲೆಗಳಲ್ಲಿ ಹುಟ್ಟಿದ ವಿಚಾರ ನಮ್ಮ ಮಕ್ಕಳಿಗೇ ಇನ್ನೂ ಸರಿಯಾಗಿ ತಲುಪಿಲ್ಲ ಅನ್ನುವುದು ನನ್ನ ಕೊರಗು. ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂದದ್ದು 2007ರಲ್ಲಿ. ಎಷ್ಟನೇ ತರಗತಿಯಿಂದ ಶುರುಮಾಡಬೇಕು ಅನ್ನುವುದಕ್ಕೆ ಸುರಿಸಿದ ಬೆವರಿನ ಅರ್ಧವನ್ನಾದರೂ ಯಾವುದರ ಬಗ್ಗೆ ಮಾತಾಡಿಸಬೇಕು ಅನ್ನುವುದಕ್ಕೆ ಸುರಿಸಿದ್ದರೆ ಚೆನ್ನಾಗಿತ್ತು.

ರೈಲಿನ ವೇಳಾಪಟ್ಟಿ ಅಂದಾಗ ನನಗೆ ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ನೆನಪಾಗುತ್ತದೆ. ಬೆಂಗಳೂರು–ಹುಬ್ಬಳ್ಳಿ ಹಳಿಯಿಂದ ದುರ್ಗ, ರಾಯದುರ್ಗಗಳ ಕಡೆಯ ಹಳಿ ಕವಲೊಡೆಯುವ ಜಂಕ್ಷನ್ ಅದು. ಯಾವ ಗಾಡಿ ತಪ್ಪಿದರೆ ಯಾವ ಗಾಡಿ ಸಿಗುತ್ತದೆ, ಎಷ್ಟು ಹೊತ್ತು ಪ್ಲಾಟ್‌ಫಾರಂನಲ್ಲಿ ಕಾಯಬೇಕು ಅನ್ನುವುದು ಆ ಸುತ್ತಲಿನ ಮಕ್ಕಳಿಗೆ ಬಾಯಿಪಾಠ. ಪ್ರಭು ಅವರು ಹೇಳುವ ಪಾಠ ಅವರ ಊರಿನಲ್ಲೇ ಗೋಡೆಗೆ ಅಂಟಿಕೊಂಡು ಕೂತಿದೆ.

ನಮ್ಮ ಜಗಲಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಇಂಗ್ಲಿಷ್ ಹುಟ್ಟಿಸಿದ್ದು ಮಾತ್ರ ಮಾರಿಕಣಿವೆ. ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ನಮ್ಮ ಕಡೆ ಹಳಬರು ಇವತ್ತಿಗೂ ಹಾಗೇ ಅನ್ನುತ್ತಾರೆ. ಎರಡು ಗುಡ್ಡಗಳ ನಡುವೆ ವೇದಾವತಿಗೆ ಅಡ್ಡ ಕಟ್ಟಿದ ಈ ಅಣೆಕಟ್ಟೆ 1907ರಲ್ಲಿ ಪೂರ್ತಿಯಾಯಿತು. 130 ಅಡಿ ತುಂಬಿದರೆ ಕೋಡಿ. 1933ರಲ್ಲಿ ಒಮ್ಮೆ ಕೋಡಿ ಬಿತ್ತು, ಆಮೇಲೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ 89 ವರ್ಷ! ಅಜ್ಜಂದಿರು ಹುಟ್ಟಿ, ಬಾಳಿ, ಕೋಡಿ ನೋಡದೆಯೇ ಹೋದರು. ಆ ಸೆಪ್ಟೆಂಬರಿನಲ್ಲಿ ಟ್ರ್ಯಾಕ್ಟರು, ಬೈಕು, ಬಸ್ಸು ಹತ್ತಿಕೊಂಡು ಜನ ಬಂದರು. ನೀರು ಬೆಳ್ಳಗೆ ಧುಮುಕುವುದನ್ನು ನೋಡಿ ಮುದುಕಿಯರು ಕೈಮುಗಿದರು.

ಯಾಕೆ ಅಷ್ಟು ವರ್ಷ ತುಂಬಲಿಲ್ಲ? ಈ ಒಂದು ಪ್ರಶ್ನೆ ಜಗಲಿಯಲ್ಲಿ ವಾರಗಟ್ಟಲೆ ನಡೆಯಿತು. ಮಳೆಯೇ ಕಮ್ಮಿ ಅಂದ ಒಬ್ಬ. ಮೇಲೆ ಕಟ್ಟಿದ ಕೆರೆ, ಚೆಕ್‌ಡ್ಯಾಮುಗಳು ನೀರು ಹಿಡಿದಿಟ್ಟವು ಅಂದಳು ಹೊಸದುರ್ಗದವಳು. ಹಾಗೆ ಹಿಡಿದದ್ದೇ ಸರಿ, ನಮ್ಮ ತೆಂಗು ಉಳಿದದ್ದು ಅದರಿಂದಲೇ ಅಂತಲೂ ಸೇರಿಸಿದಳು. ಹೊಳಲ್ಕೆರೆಯ ಅಡಿಕೆ ತೋಟದ ಹುಡುಗ ಕೊಳವೆಬಾವಿಗಳ ಮಾತೆತ್ತಿದ: ಸಾವಿರ ಅಡಿ ಕೊರೆದು ನೆಲದೊಳಗಿನದನ್ನೂ ಎಳೆದ ಮೇಲೆ ಹೊಳೆಗೆ ಏನು ಉಳಿದೀತು? ಭದ್ರಾ ಹೊಳೆಯಿಂದ ಹರಿಸಿದ ನೀರು ಬಾರದಿದ್ದರೆ 2022ರಲ್ಲೂ ತುಂಬುತ್ತಿತ್ತೇ ಎಂದು ಇನ್ನೊಬ್ಬ. ಪ್ರತಿಯೊಂದಕ್ಕೂ ‘ಬಿಕಾಸ್’ ಬೇಕು, ‘ಆಲ್ದೋ’ ಬೇಕು, ‘ಇಫ್’ ಬೇಕು. ತಾಲ್ಲೂಕು ತಾಲ್ಲೂಕುಗಳ ನಡುವಿನ ಮಾನದ ಪ್ರಶ್ನೆ ಬೇರೆ. ಆ ಕಾವಿನಲ್ಲಿ ಇಂಗ್ಲಿಷ್ ಎಂಬ ಭಯ ಎಲ್ಲಿಗೆ ಹೋಯಿತೋ!

ಹೊರಗಿನ ಭಾಷೆ ನಮ್ಮ ನೆಲಕ್ಕೆ ಹೊಸದೂ ಅಲ್ಲ. ಮೊಳಕಾಲ್ಮೂರಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ, ಬಿ. ಎಲ್. ರೈಸ್ ಅದನ್ನು 1892ರಲ್ಲಿ ಬೆಳಕಿಗೆ ತಂದರು. ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಪ್ರಾಕೃತದಲ್ಲಿ ಬಂದ ಆಜ್ಞೆ ಅದು: ತಂದೆ ತಾಯಿಯ ಮಾತು ಕೇಳಿ, ಗುರುಗಳನ್ನು ಗೌರವಿಸಿ, ಸತ್ಯ ಹೇಳಿ. ಕೆತ್ತಿದ ಲಿಪಿಕಾರನ ಹೆಸರು ಚಪಡ. ಬ್ರಾಹ್ಮಿಯಲ್ಲಿ ಎಲ್ಲ ಬರೆದು ಕೊನೆಯಲ್ಲಿ ‘ಲಿಪಿಕಾರ’ ಎಂಬುದನ್ನು ಮಾತ್ರ ಅವನು ಖರೋಷ್ಠಿಯಲ್ಲಿ, ವಾಯವ್ಯದ ಗಾಂಧಾರದ ಕಡೆಯ ಲಿಪಿಯಲ್ಲಿ ಬರೆದ. ಮೊಳಕಾಲ್ಮೂರಿನ ಬಿಸಿಲಲ್ಲಿ ಬಂಡೆಯ ಮುಂದೆ ಕೂತು ಆ ಮನುಷ್ಯ ತನ್ನ ಕಡೆಯ ಅಕ್ಷರಗಳನ್ನು ಕೆತ್ತಿದ್ದನ್ನು ನೆನೆದಾಗಲೆಲ್ಲ ನನಗೆ ಅವನ ಮೇಲೆ ಪ್ರೀತಿ ಉಕ್ಕುತ್ತದೆ. ದುರ್ಗದ ಮಗ್ಗುಲಲ್ಲೇ ಚಂದ್ರವಳ್ಳಿ. ಕದಂಬರ ಮಯೂರಶರ್ಮ ಅಲ್ಲಿ ಕೆರೆ ಕಟ್ಟಿಸಿದ್ದನ್ನು ಬಂಡೆಯ ಮೇಲೆ ಬರೆಸಿದ್ದಾನೆ. ಅವನೂ ಹುಡುಗನಾಗಿದ್ದಾಗ ಓದಲಿಕ್ಕೆಂದು ದೂರದ ಕಂಚಿಯ ಘಟಿಕೆಗೆ ಹೋದವನು. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ಉತ್ಖನನ ಮಾಡಿದರು. ಚಂದ್ರವಳ್ಳಿಯ ಮಣ್ಣಲ್ಲಿ ರೋಮಿನ ನಾಣ್ಯಗಳೂ ಸಿಕ್ಕಿವೆ. ಆಜ್ಞೆ, ಕೆರೆ, ವ್ಯಾಪಾರ – ಹೊರಗಿನ ನುಡಿ ಇಲ್ಲಿಗೆ ಬಂದಾಗಲೆಲ್ಲ ಕೈಯಲ್ಲೊಂದು ವಿಷಯ ಹಿಡಿದುಕೊಂಡೇ ಬಂದಿದೆ.

ವಿಜ್ಞಾನಕ್ಕೂ ದೂರ ಹೋಗಬೇಕಿಲ್ಲ. ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಪೇರಿಸಿಟ್ಟ ಹಾಗಿರುವ ಕಲ್ಲುಗಳಿವೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ಲಾವಾ ನೀರಿನಡಿಯಲ್ಲಿ ಉಕ್ಕಿ, ಮೇಲ್ಮೈ ತಟ್ಟನೆ ತಣಿದು, ಉಂಡೆಯುಂಡೆಯಾಗಿ ಗಟ್ಟಿಯಾದದ್ದು. ಇವತ್ತು ಕುಡಿಯುವ ನೀರಿಗೆ ಪರದಾಡುವ ಜಾಗ ಅಂದು ನೀರಿನಡಿ ಇತ್ತು ಎಂದು ಇಂಗ್ಲಿಷಿನಲ್ಲಿ ಹೇಳಲು ಹೋದವನೊಬ್ಬ ತಾನೇ ಬೆರಗಾಗಿ ಮಾತು ನಿಲ್ಲಿಸಿಬಿಟ್ಟ. ಇನ್ನು ಚಳ್ಳಕೆರೆ. ಇಸ್ರೋದ ಪುಷ್ಪಕ್ ನೌಕೆಯನ್ನು ಹೆಲಿಕಾಪ್ಟರಿನಲ್ಲಿ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟದ್ದು, ಅದು ತಾನೇ ದಾರಿ ಹುಡುಕಿಕೊಂಡು ರನ್‌ವೇಗೆ ಬಂದಿಳಿದದ್ದು ಅಲ್ಲೇ. 2023ರಲ್ಲಿ ಒಮ್ಮೆ, 2024ರಲ್ಲಿ ಮತ್ತೆರಡು ಸಲ. ಅಲ್ಲಿಯ ಅಮೃತಮಹಲ್ ಕಾವಲಿನ ಹುಲ್ಲುಗಾವಲಿನಲ್ಲಿ ಕುರಿ ಮೇಯಿಸುತ್ತಿದ್ದವರ ಮಗ ಎರಡೂ ಮಾತನ್ನು ಹೇಳಿದ: ನೌಕೆ ಇಳಿದದ್ದು ಹೆಮ್ಮೆ, ಹುಲ್ಲುಗಾವಲಿಗೆ ಬೇಲಿ ಬಿದ್ದದ್ದು ನೋವು. ಎರಡನ್ನೂ ಒಂದೇ ಉಸಿರಿನಲ್ಲಿ, ಒಂದನ್ನೊಂದು ಅಳಿಸದಂತೆ ಹೇಳಲು ಬಂದದ್ದನ್ನೇ ನಾನು ಭಾಷೆ ಬಂತು ಅನ್ನುವುದು.

ಕನ್ನಡದಲ್ಲಿ ಮೊದಲು ಏಕೆ ಅಂತ ಕೆಲವರು ಕೇಳುತ್ತಾರೆ. ಕನ್ನಡದಲ್ಲಿ ಒಂದು ವಾದವನ್ನು ಆರಂಭದಿಂದ ಕೊನೆಯವರೆಗೆ ಹಿಡಿದು ನಡೆಸಲಾರದವನು ಇಂಗ್ಲಿಷಿನಲ್ಲಿ ನಡೆಸಿಯಾನೇ? ಮನೆಮಾತಿನಲ್ಲಿ ಯೋಚಿಸಿದ್ದೇ ಬೇರೆ ಮಾತಿಗೆ ಬೆನ್ನೆಲುಬು. ಕನ್ನಡ ಮಾಧ್ಯಮದಲ್ಲಿ ಓದಿದೆ ಅಂತ ತಲೆ ತಗ್ಗಿಸುವ ಮಕ್ಕಳಿಗೆ ನಾನು ಮತ್ತೆ ಮತ್ತೆ ಹೇಳುವುದು ಇದನ್ನೇ: ನಿಮ್ಮ ಹತ್ತಿರ ಸರಕಿದೆ. ನಗುವವರಿಗೆ ಉಚ್ಚಾರಣೆ ಇರಬಹುದು. ಸರಕಿಲ್ಲದೆ ಅವರೂ ಎರಡನೇ ವಾಕ್ಯಕ್ಕೆ ನಿಲ್ಲುತ್ತಾರೆ.

ಈಚೆಗೆ ಜಗಲಿಯಲ್ಲಿ ನಡೆದದ್ದು ಭದ್ರಾ ಹೊಳೆಯ ನೀರನ್ನು ನಮ್ಮ ಕಡೆಗೆ ತರುವ ಭದ್ರಾ ಮೇಲ್ದಂಡೆ ಯೋಜನೆಯ ವಿಷಯ. ಕೇಂದ್ರ 2023ರ ಬಜೆಟ್ಟಿನಲ್ಲಿ ಅದಕ್ಕೆ 5,300 ಕೋಟಿ ರೂಪಾಯಿ ಘೋಷಿಸಿತ್ತು. ಆ ದುಡ್ಡಿನ ಗತಿ ಏನಾಯಿತು, ನೀರು ಬಂದರೆ ಮೊದಲು ಯಾವ ತಾಲ್ಲೂಕಿಗೆ, ಅಡಿಕೆಗೋ ಕುಡಿಯಲಿಕ್ಕೋ? ಹೊಳಲ್ಕೆರೆಯವನು ಕೆರೆಗಳನ್ನು ಮೊದಲು ತುಂಬಿಸಿ ಅಂದ. ಹಿರಿಯೂರಿನವನು ಮಾರಿಕಣಿವೆಗೆ ಬಿಡಿ, ಅಲ್ಲಿಂದ ಎಲ್ಲರಿಗೂ ಹಂಚಬಹುದು ಅಂದ. ಹೊಸದುರ್ಗದ ಹುಡುಗಿ ಈಗ ಕಂಬಕ್ಕೊರಗುವುದಿಲ್ಲ. ಮಧ್ಯಕ್ಕೆ ಬಂದು ಕೂತು, ‘ಯೂ ಬೋತ್ ಆರ್ ಟಾಕಿಂಗ್ ಲೈಕ್ ದ ವಾಟರ್ ಹ್ಯಾಸ್ ಆಲ್ರೆಡಿ ಕಮ್’ ಅಂದಳು. ಮಾತು ಅಲ್ಲಿಗೆ ಮುಗಿಯಲಿಲ್ಲ. ಮುಂದಿನ ಭಾನುವಾರಕ್ಕೆ ಹೊಳಲ್ಕೆರೆಯವನು ತನ್ನ ತಾಲ್ಲೂಕಿನ ಕೆರೆಗಳ ಪಟ್ಟಿ ತರುತ್ತಾನಂತೆ, ಹಿರಿಯೂರಿನವನು ಅಣೆಕಟ್ಟೆಯ ನೀರಿನ ಮಟ್ಟದ ಲೆಕ್ಕ ತರುತ್ತಾನಂತೆ.